ಹೊಳೆಗೆ ಹಾಕಿದ ರಾಗಿ ಮುದ್ದೆ

ಫೋಟೋದಲ್ಲಿ ಮೀನು ಹಿಡಿದುಕೊಂಡು ನಿಂತಿರುವವಳು ನಾನೇ. ಆದರೆ ಆ ಮೀನಿಗೆ ಗಾಳ ಹಾಕಿದವಳು ನಾನಲ್ಲ, ಜೀನಮ್ಮ. ಆ ಮೀನು ಯಾರ ತಟ್ಟೆಗೂ ಬೀಳಲಿಲ್ಲ. ಬೀಳದ ಹಾಗೆ ಮಾಡಿದವಳು ನಾನು. ನಡೆದದ್ದು ಇಷ್ಟೇ.

ನಮ್ಮ ಬೀದಿಯಲ್ಲಿ ಮಾತ್ರ ಬೇರೆ ಕಥೆ ಓಡಾಡುತ್ತಿದೆ. ಮೊಮ್ಮಗಳು ಚೈತ್ರ ಆ ಫೋಟೋವನ್ನು ಮನೆಯವರ ವಾಟ್ಸಾಪಿಗೆ ಹಾಕಿದಳು. ಅದು ಕುಶಾಲನಗರದ ಸಂತೆಗೆ ನನಗಿಂತ ಮೊದಲೇ ಬಂದು ಮುಟ್ಟಿತು. ಹಾಲಿನ ಡೈರಿಯ ಹತ್ತಿರ ಹೋದರೆ, "ಏನ್ ನಿಂಗಮ್ಮಜ್ಜಿ, ಫಾರಿನ್ ಹೊಳೇನೂ ಬರಿದು ಮಾಡ್ಬುಟ್ರಂತೆ" ಎನ್ನುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಬಾಯಿ ನೋಯಿಸಿಕೊಳ್ಳುವುದಕ್ಕಿಂತ ಒಂದು ಸಲ ಬರೆದು ಬಿಸಾಕುವುದು ವಾಸಿ ಅನ್ನಿಸಿತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ತಿದ್ದಿದ್ದು ಸೊಸೆ. ಮಾತು ನನ್ನದು.

ಟಾಮ್ ಸಾಹೇಬರು ಯಾರು ಎನ್ನುವುದನ್ನು ಮೊದಲು ಹೇಳಬೇಕು. ನ್ಯೂಜಿಲೆಂಡಿನವರು. ಒಂದು ಕಾಲದಲ್ಲಿ ವರ್ಷಾ ವರ್ಷಾ ಹೆಂಡತಿ ಜೀನಮ್ಮನನ್ನು ಕರೆದುಕೊಂಡು ನಮ್ಮ ಕಾವೇರಿಗೆ ಬಂದು ಮಹಶೀರ್ ಮೀನಿಗೆ ಗಾಳ ಹಾಕಿ ಕೂರುತ್ತಿದ್ದರು. ಅವರ ತೆಪ್ಪಕ್ಕೆ ಹುಟ್ಟು ಹಾಕುತ್ತಿದ್ದವರು ನಮ್ಮನೆಯವರು. ಗಾಳದ ಕೊಕ್ಕೆಗೆ ಮೆತ್ತುವ ರಾಗಿ ಮುದ್ದೆ ಕಟ್ಟುತ್ತಿದ್ದವಳು ನಾನು. ಅಷ್ಟು ದೂರದಿಂದ ಬಂದು, ಮಗುವಿನಷ್ಟು ದೊಡ್ಡ ಮೀನು ಹಿಡಿದು, ತೂಕ ನೋಡಿ, ವಾಪಸ್ಸು ನೀರಿಗೇ ಬಿಡುತ್ತಿದ್ದರು. ನನಗೆ ಅದು ಆಗಲೂ ಅರ್ಥವಾಗಿರಲಿಲ್ಲ.

ನಮ್ಮನೆಯವರು ಹೋದ ಮೇಲೂ ಜೀನಮ್ಮ ಫೋನ್ ಮಾಡುವುದು ಬಿಡಲಿಲ್ಲ. ಚೈತ್ರ ನರ್ಸಿಂಗ್ ಮುಗಿಸಿದಾಗ, ತಮ್ಮೂರಿನ ವೃದ್ಧರ ಮನೆಯಲ್ಲಿ ಕೆಲಸವಿದೆ ಎಂದು ತಿಳಿಸಿದವರೂ ಅವರೇ. ಈಗ ಟಾಮ್ ಸಾಹೇಬರು ಅದೇ ವೃದ್ಧರ ಮನೆಯ ಒಂದು ಕೋಣೆಯಲ್ಲಿ ಮಲಗಿದ್ದಾರೆ. ರಜೆಗೆ ಬಂದ ಚೈತ್ರ, "ಈ ಸಲ ನೀನೂ ಬಾ ಅಜ್ಜಿ. ಸಾಹೇಬ್ರು ನಿನ್ನ ಕೇಳ್ತಾನೇ ಇರ್ತಾರೆ" ಎಂದಳು. ಹೋದೆ.

ಏರ್‌ಪೋರ್ಟು

ಆಷಾಢ ಮಾಸ. ನಮ್ಮಲ್ಲಿ ನಾಟಿ ಶುರುವಾಗಿತ್ತು. ಗದ್ದೆಗೆ ಹೋಗಿ ಸಸಿ ನೋಡಿಕೊಂಡು ಬಂದವಳು ಅದೇ ಚಪ್ಪಲಿಯಲ್ಲಿ ಕಾರು ಹತ್ತಿದ್ದೆ. ಆ ದೇಶದವರಿಗೆ ಕಳ್ಳರಿಗಿಂತ ಮಣ್ಣಿನ ಹೆದರಿಕೆ ಜಾಸ್ತಿ ಎಂದು ನನಗೇನು ಗೊತ್ತು.

ವಿಮಾನ ಇಳಿದು ಸಾಲಿನಲ್ಲಿ ನಿಂತಾಗ ಒಂದು ಸಣ್ಣ ನಾಯಿ ಬಂದು ನನ್ನ ಚೀಲದ ಹತ್ತಿರವೇ ಕುಳಿತುಬಿಟ್ಟಿತು. ತೋಳಿನ ತುಂಬಾ ಹಚ್ಚೆ ಹಾಕಿಸಿಕೊಂಡ ಒಬ್ಬ ದಾಂಡಿಗ ಅಧಿಕಾರಿ ನನ್ನ ಚೀಲ ಬಿಚ್ಚಿಸಿದ. ರಾಗಿ ಹಿಟ್ಟು, ಮೆಣಸಿನ ಪುಡಿ, ಒಂದು ಬಾಟಲಿ ಕಾಚಂಪುಳಿ. ನಮ್ಮ ಕಡೆ ಮೀನು ಸಾರಿಗೆ ಬಿಡುವ ಆ ಕಪ್ಪು ಹುಳಿಯನ್ನು ಅವನು ಬೆಳಕಿಗೆ ಹಿಡಿದು ನೋಡಿದ. ಹಿಟ್ಟನ್ನು ಮೂಸಿದ.

"ಇಷ್ಟೊಂದು ಯಾಕೆ ಅಂತ ಕೇಳ್ತಿದಾನೆ" ಎಂದಳು ಚೈತ್ರ.

"ಇವರ ಊರಲ್ಲಿ ರಾಗಿ ಬೆಳೀತಾರಾ ಕೇಳು."

"ಅಜ್ಜಿ, ನೀನು ಬಾಯಿ ಮುಚ್ಕೊಂಡ್ರೆ ಬೇಗ ಬಿಡ್ತಾರೆ."

ಹಿಟ್ಟು, ಪುಡಿ, ಹುಳಿ ಎಲ್ಲವನ್ನೂ ಬಿಟ್ಟ. ಚಪ್ಪಲಿ ಬಿಡಲಿಲ್ಲ. ಕೈಗೆ ಗ್ಲೌಸು ಹಾಕಿಕೊಂಡು, ಹಾವು ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದು ಒಳಗೆ ಕೊಂಡುಹೋದ. ನಾನು ಬರಿಗಾಲಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ತೊಳೆದು, ಒರೆಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ ತಂದುಕೊಟ್ಟ. ಮದುವೆಯಾದ ಮೇಲೆ ನನ್ನ ಚಪ್ಪಲಿಯನ್ನು ಇನ್ನೊಬ್ಬರು ತೊಳೆದುಕೊಟ್ಟದ್ದು ಅದೇ ಮೊದಲು. ಮದುವೆಗೆ ಮುಂಚೆ ಚಪ್ಪಲಿಯೇ ಇರಲಿಲ್ಲ.

ಹೊಳೆಯ ಊರು

ನಮಗೆ ಮಳೆಗಾಲವಾದಾಗ ಅವರಿಗೆ ಚಳಿಗಾಲ. ಚಳಿ ಎಂದರೆ ನಮ್ಮ ಮಡಿಕೇರಿಯ ಚಳಿಯಲ್ಲ. ಮಡಿಕೇರಿಯ ಚಳಿ ಒದ್ದೆ ಬಟ್ಟೆಯ ಹಾಗೆ ಮೈಗೆ ಅಂಟುತ್ತದೆ. ಇದು ಒಣ ಚಳಿ, ಮೂಗಿನೊಳಗೆ ಮುಳ್ಳಾಡಿಸುತ್ತದೆ. ಊರಿನ ಹಿಂದೆ ಬೆಟ್ಟ, ಬೆಟ್ಟದ ಮೇಲೆ ಹಿಮ. ಅದೇ ಸಾಲಿನಲ್ಲಿ ಹೊಗೆಯಾಡುವ ಬೆಟ್ಟವೂ ಇದೆ. ಒಳಗೆ ಬೆಂಕಿ, ಹೊರಗೆ ಮಂಜುಗಡ್ಡೆ. ಹೀಗಿದ್ದರೂ ಜನ ಅದರ ಬುಡದಲ್ಲಿ ಟೊಮೆಟೊ ಬೆಳೆದುಕೊಂಡು ಆರಾಮಾಗಿದ್ದಾರೆ.

ಬೆಟ್ಟದಿಂದ ಇಳಿಯುವ ಹೊಳೆಯ ಹೆಸರು ತೊಂಗರಿರೊ. ಆ ತಿಂಗಳಲ್ಲಿ ನಮ್ಮ ಕಾವೇರಿ ಕಾಫಿಯ ಬಣ್ಣದಲ್ಲಿ ಉಕ್ಕುತ್ತಿರುತ್ತಾಳೆ. ಇಲ್ಲಿ ನೀರು ಎಷ್ಟು ತಿಳಿ ಎಂದರೆ, ಎದೆಮಟ್ಟದ ಆಳದಲ್ಲಿ ಬಿದ್ದ ಕಲ್ಲಿನ ಮೇಲಿನ ಗೆರೆ ಕಾಣುತ್ತದೆ. ಮನೆ ಮನೆಯ ಜಗಲಿಯಲ್ಲೂ ಗಾಳದ ಕೋಲು, ಒಣಗಲು ತಲೆಕೆಳಗಾಗಿಟ್ಟ ಬೂಟುಗಳು. ನಾಯಿಗಳು ಹೊಸಬರನ್ನು ಕಂಡರೂ ಬೊಗಳುವುದಿಲ್ಲ. ಆ ಊರಲ್ಲಿ ನನಗೆ ಒಗ್ಗದೇ ಹೋದದ್ದು ಅದೊಂದೇ.

ಟ್ರೌಟ್ ಎನ್ನುವ ಮೀನು ಕೆಳಗಿನ ದೊಡ್ಡ ಕೆರೆಯಲ್ಲಿ ಬೆಳೆದು, ಚಳಿಗಾಲದಲ್ಲಿ ಮೊಟ್ಟೆ ಇಡಲು ಹೊಳೆ ಹತ್ತಿ ಮೇಲೆ ಬರುತ್ತದೆ. ಇದು ನನಗೆ ಬೇಗ ಅರ್ಥವಾಯಿತು. ಮೊದಲ ಮಳೆಗೆ ನಮ್ಮ ಗದ್ದೆಗಳಿಗೆ ಹತ್ತುಮೀನು ಬರುವುದಿಲ್ಲವೇ, ಹಾಗೆಯೇ. ನಮ್ಮಲ್ಲಾದರೆ ಅಂಥ ಹೊತ್ತಿನಲ್ಲಿ ಊರಿಗೆ ಊರೇ ಬುಟ್ಟಿ, ಕೂಳಿ, ಸೊಳ್ಳೆಪರದೆ ಎತ್ತಿಕೊಂಡು ಓಡುತ್ತದೆ. ಇವರು ಮಾತ್ರ ಒಬ್ಬರಿಂದ ಒಬ್ಬರು ದೂರ ನಿಂತು, ದಾರ ಬೀಸಿ, ಒಂದು ಹೆಜ್ಜೆ ಕೆಳಗೆ ಸರಿದು, ಮತ್ತೆ ಬೀಸುತ್ತಾರೆ. ಮುಂದಿನವನು ಬಿಟ್ಟ ಜಾಗಕ್ಕೆ ಹಿಂದಿನವನು. ದೇವಸ್ಥಾನದ ಸಾಲಿನಲ್ಲೂ ನಾವು ಇಷ್ಟು ಮರ್ಯಾದೆಯಿಂದ ನಿಲ್ಲುವುದಿಲ್ಲ.

ಇನ್ನೊಂದು ವಿಚಿತ್ರ ಕೇಳಿ. ಆ ದೇಶದಲ್ಲಿ ಟ್ರೌಟ್ ಮೀನನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ತಿನ್ನಬೇಕೆಂದರೆ ಹಿಡಿಯಬೇಕು, ಇಲ್ಲವೇ ಹಿಡಿದವರು ಪುಕ್ಕಟೆ ಕೊಡಬೇಕು. ಮೀನಿಗೆ ಹೆಸರಾದ ಊರಿನ ಅಂಗಡಿಯಲ್ಲಿ ಆ ಮೀನೊಂದನ್ನು ಬಿಟ್ಟು ಉಳಿದದ್ದೆಲ್ಲಾ ಸಿಗುತ್ತದೆ.

ಟಾಮ್ ಸಾಹೇಬರ ಕೋಣೆ

ನಮ್ಮ ತೆಪ್ಪವನ್ನೇ ಒಂದು ಕಡೆಗೆ ವಾಲಿಸುತ್ತಿದ್ದ ಆಸಾಮಿ ಈಗ ಹಾಸಿಗೆಯಲ್ಲಿ ಗುಬ್ಬಚ್ಚಿಯಷ್ಟಾಗಿದ್ದರು. ನನ್ನನ್ನು ನೋಡಿ, "ನಿಂಗಮ್, ಊಟ ಆಯ್ತಾ?" ಎಂದರು. ಒಂದೆರಡು ಪದ ಬಿಟ್ಟರೆ ಅವರಿಗೆ ಬರುವ ಕನ್ನಡ ಅದೊಂದು, ಮತ್ತೆ "ಬಂತು ಬಂತು". ಮೀನು ಗಾಳ ಎಳೆದಾಗ ನಮ್ಮನೆಯವರು ಕೂಗುತ್ತಿದ್ದ ಮಾತು ಅದು.

ಕಿಟಕಿಯ ಮೇಲಿಟ್ಟ ಒಂದು ತಗಡಿನ ಡಬ್ಬಿ ತೆಗೆಯಲು ಹೇಳಿದರು. ಒಳಗೆ ಸಾಲಾಗಿ ಕೊಕ್ಕೆಗಳು. ಒಂದೊಂದಕ್ಕೂ ಗರಿ, ಉಣ್ಣೆ, ಮೊಲದ ಕೂದಲು, ಬಣ್ಣದ ದಾರ ಸುತ್ತಿ ಹುಳದ ಹಾಗೆ ಮಾಡಿದ್ದಾರೆ. ಇದಕ್ಕೇ ಫ್ಲೈ ಎನ್ನುವುದು. ಆ ಹೊಳೆಯಲ್ಲಿ ಎರೆಹುಳು, ಹಿಟ್ಟು ಏನೂ ನಡೆಯುವುದಿಲ್ಲ. ತಿನ್ನುವ ಪದಾರ್ಥ ನೀರಿಗೆ ಬೀಳಕೂಡದು. ಹೀಗೆ ಬರೀ ಕಣ್ಣಿಗೆ ಮೋಸ ಮಾಡಿಯೇ ಮೀನು ಹಿಡಿಯಬೇಕು. ಚೈತ್ರ ಇದನ್ನು ಆ ದಿನವೇ ನನಗೆ ಹೇಳಿದಳಂತೆ. ನನಗೆ ನೆನಪಿಲ್ಲ. ಏಕೆಂದರೆ ನಾನು ಆಗ ಡಬ್ಬಿಯ ಮೂಲೆಯಲ್ಲಿದ್ದ ಒಂದು ಕೆಂಪು ಗರಿಯನ್ನು ನೋಡುತ್ತಿದ್ದೆ.

"ನಿಂಗಮ್ ಕೋಳಿ" ಎಂದರು ಸಾಹೇಬರು.

ನಮ್ಮ ಹುಂಜದ ಕತ್ತಿನ ಗರಿ. ಅವರು ಬಂದಾಗಲೆಲ್ಲಾ ನಾನು ಕೋಳಿ ಕೊಯ್ದರೆ ಕತ್ತಿನ ಗರಿಯನ್ನು ಜೋಪಾನವಾಗಿ ಕಿತ್ತು ಕಾಗದದಲ್ಲಿ ಸುತ್ತಿಕೊಂಡು ಹೋಗುತ್ತಿದ್ದರು. ಸಾರಿಗಿಂತ ಗರಿಗೆ ಆಸೆ ಪಡುವ ಗಂಡಸಿನ ತಲೆ ನೆಟ್ಟಗಿಲ್ಲ ಎಂದೇ ತಿಳಿದಿದ್ದೆ.

ಹೊರಗೆ ಬಂದ ಮೇಲೆ ಜೀನಮ್ಮ ಚೈತ್ರನಿಗೆ ಏನೋ ಹೇಳಿ ಮುಖ ಆಚೆ ತಿರುಗಿಸಿದರು.

"ಸಾಹೇಬ್ರಿಗೆ ನುಂಗಕ್ಕೆ ಆಯ್ತಿಲ್ಲ ಅಜ್ಜಿ. ಶುಕ್ರವಾರ ಡಾಕ್ಟರು ಗಂಟಲು ನೋಡ್ತಾರೆ. ಆಮೇಲೆ ಎಲ್ಲಾ ರುಬ್ಬಿ ಕೊಡೋದೆ. ಅಷ್ಟರೊಳಗೆ ಒಂದೇ ಒಂದು ಟ್ರೌಟು, ಚರ್ಮ ಗರಿಗರಿ ಹುರಿದಿದ್ದು, ಒಂದು ತುತ್ತಾದ್ರೂ ತಿನ್ಬೇಕಂತೆ."

"ಪಕ್ಕದ ಮನೆಯವರು ಕೊಡಲ್ವಾ?"

"ಕೊಟ್ಟವ್ರೆ. ಮುಟ್ಟಲಿಲ್ಲ. ಜೀನ್ ಹಿಡಿದ ಮೀನೇ ಬೇಕಂತೆ."

ಹಟಮಾರಿ ಮುದುಕ. ಜೀನಮ್ಮನಿಗೋ ಸೊಂಟದ ಆಪರೇಷನ್ ಆಗಿತ್ತು. ಹರಿಯುವ ನೀರಿನಲ್ಲಿ ನಿಲ್ಲಬೇಕೆಂದರೆ ಹಿಂದೆ ಒಬ್ಬರು ಬೆಲ್ಟು ಹಿಡಿದುಕೊಂಡಿರಬೇಕು. ಊರಿನ ಗಂಡಸರು ಬರುತ್ತೇವೆ ಎಂದಿದ್ದರು, ಆಕೆ ಬೇಡ ಎಂದಿದ್ದರು.

"ಯಾಕಂತೆ?"

"ಗಂಡಸ್ರು ಹಿಂದೆ ನಿಂತ್ರೆ ಸುಮ್ನಿರಲ್ಲ, ಹಂಗೆ ಬೀಸು ಹಿಂಗೆ ಬೀಸು ಅಂತ ಪಾಠ ಹೇಳ್ತಾರಂತೆ. ನಿಂಗೆ ಇಂಗ್ಲಿಷ್ ಬರಲ್ವಲ್ಲ, ಅದಕ್ಕೇ ನೀನಾದ್ರೆ ಸರಿಯಂತೆ."

ಬುಧವಾರ

ಎದೆಯವರೆಗೆ ಬರುವ ರಬ್ಬರ್ ಪ್ಯಾಂಟು ಹಾಕಿಸಿದರು. ಸೀರೆ ಬಿಚ್ಚಿ ಚೈತ್ರನ ಉಣ್ಣೆ ಚಡ್ಡಿ ಹಾಕಿಕೊಂಡು ಅದರೊಳಗೆ ಇಳಿದೆ. ಕನ್ನಡಿಯಲ್ಲಿ ನೋಡಿದರೆ ಗೊಬ್ಬರದ ಚೀಲಕ್ಕೆ ಕಾಲು ಬಂದ ಹಾಗಿತ್ತು.

ಚೈತ್ರ ಡ್ಯೂಟಿಗೆ ಹೋಗಿದ್ದಳು. ನಾವಿಬ್ಬರೇ. ನೀರೊಳಗೆ ಕಾಲಿಟ್ಟರೆ ಬಟ್ಟೆ ಒದ್ದೆಯಾಗುವುದಿಲ್ಲ, ಚಳಿ ಮಾತ್ರ ಮೂಳೆಗೆ ಬರುತ್ತದೆ. ನಾನು ಜೀನಮ್ಮನ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು, ಹಸುವಿನ ಹಗ್ಗ ಹಿಡಿದ ಹಾಗೆ ಹಿಂದಕ್ಕೆ ವಾಲಿ ನಿಂತೆ. ಅವರು ಕೋಲು ಬೀಸಿದರೆ ದಾರ ನನ್ನ ತಲೆಯ ಮೇಲಿಂದ ಹಿಂದೆ ಹೋಗಿ ಮುಂದೆ ಬರುತ್ತಿತ್ತು. ಒಂದು ಸಲ ಕೊಕ್ಕೆ ನನ್ನ ಟೋಪಿಯನ್ನೇ ಹಿಡಿದು ಹೊಳೆಗೆ ಎಸೆಯಿತು. ಟೋಪಿ ತೇಲಿಕೊಂಡು ಹೋಗುವಾಗ ಕೆಳಗೆ ನಿಂತಿದ್ದ ಒಬ್ಬ ಮುದುಕ ಅದನ್ನು ಕೈಬಲೆಯಲ್ಲಿ ಎತ್ತಿ, ತಲೆ ಬಗ್ಗಿಸಿ, ನೀರು ಹಿಂಡಿ ತಂದುಕೊಟ್ಟ. ನಗಲಿಲ್ಲ. ನಮ್ಮೂರಾಗಿದ್ದರೆ ಇದನ್ನೇ ಒಂದು ವರ್ಷ ಹೇಳಿಕೊಂಡು ನಗುತ್ತಿದ್ದರು.

ಮೀನು ಕಣ್ಣಿಗೆ ಕಾಣುತ್ತಿತ್ತು. ಕಲ್ಲಿನ ಮರೆಯಲ್ಲಿ ಬಾಲ ಆಡಿಸಿಕೊಂಡು ನಿಂತಿದೆ. ಕೊಕ್ಕೆ ಮೂಗಿನ ಮುಂದೆ ಹಾದುಹೋದರೂ ತಿರುಗಿ ನೋಡುವುದಿಲ್ಲ. ಮೊಟ್ಟೆ ಇಡಲು ಬಂದವರಿಗೆ ಹಸಿವು ಕಡಿಮೆ, ಅದು ನನಗೆ ಗೊತ್ತು. ಸಂಜೆಯವರೆಗೂ ಒಂದೂ ಕಚ್ಚಲಿಲ್ಲ, ಜೀನಮ್ಮ ದಾರ ಸುತ್ತಿಕೊಂಡರು. ಮನೆಗೆ ಬಂದು ಇಬ್ಬರೂ ಒಲೆಯ ಮುಂದೆ ಕಾಲು ಕಾಯಿಸಿಕೊಂಡೆವು.

ಗುರುವಾರ

ಬೆಳಿಗ್ಗೆ ನಾನು ಮುದ್ದೆ ತೊಳಸಿದೆ. ಬ್ರೆಡ್ಡು ತಿಂದು ಆ ನೀರಿಗೆ ಇಳಿಯಲು ನನ್ನಿಂದಾಗದು. ಜೀನಮ್ಮನಿಗೂ ಒಂದು ಹಾಕಿದೆ. ಚಾಕುವಿನಲ್ಲಿ ಕತ್ತರಿಸಿ ಫೋರ್ಕಿನಲ್ಲಿ ಚುಚ್ಚಿ ಅಗಿಯತೊಡಗಿದರು. ಅಗಿಯಬೇಡಿ, ನುಂಗಿ ಎಂದು ಗಂಟಲು ತೋರಿಸಿದೆ. ರಜೆ ಇದ್ದ ಚೈತ್ರ, "ಬಲವಂತ ಮಾಡ್ಬೇಡ ಅಜ್ಜಿ" ಎಂದಳು. ಉಳಿದ ಮುದ್ದೆಯನ್ನು ಕಾಗದದಲ್ಲಿ ಸುತ್ತಿ ರಬ್ಬರ್ ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಮಧ್ಯಾಹ್ನಕ್ಕಾಯಿತು ಎಂದು.

ಮೂವರೂ ಹೊಳೆಗೆ ಹೋದೆವು. ಜೀನಮ್ಮ ಡಬ್ಬಿಯಿಂದ ಆ ಕೆಂಪು ಗರಿಯ ಫ್ಲೈ ತೆಗೆದು ದಾರಕ್ಕೆ ಕಟ್ಟುತ್ತಿದ್ದರು. ಚೈತ್ರ ಫೋನು ಹಿಡಿದು ಬೆಟ್ಟದ ಫೋಟೋ ತೆಗೆಯುತ್ತಿದ್ದಳು. ನಾನು ನಾಲ್ಕು ಹೆಜ್ಜೆ ಮೇಲಕ್ಕೆ ಹೋಗಿ, ಜೇಬಿನಿಂದ ಮುದ್ದೆ ತೆಗೆದು, ಒಂದು ತುಂಡು ಮುರಿದು ಹೊಳೆಗೆ ಹಾಕಿ ಕೈ ಮುಗಿದೆ.

ಯೋಚನೆ ಮಾಡಿ ಮಾಡಿದ್ದಲ್ಲ. ನಮ್ಮಲ್ಲಿ ತೆಪ್ಪ ನೀರಿಗೆ ಬಿಡುವ ಮೊದಲು ಮುದ್ದೆಯ ಮೊದಲ ತುಂಡು ಗಂಗೆಗೆ. ನಮ್ಮತ್ತೆ ಹಾಕುತ್ತಿದ್ದರು, ನಾನೂ ಹಾಕುತ್ತಿದ್ದೆ. ಹೊಳೆಯ ದಡದಲ್ಲಿ ನಿಂತು ಕೈಯಲ್ಲಿ ಮುದ್ದೆಯಿದ್ದರೆ ಕೈ ತಾನಾಗಿಯೇ ಆ ಕೆಲಸ ಮಾಡುತ್ತದೆ.

ನೀರಿಗಿಳಿದು ಬೆಲ್ಟು ಹಿಡಿದುಕೊಂಡೆ. ಜೀನಮ್ಮ ಬೀಸಿದರು. ಇನ್ನೊಂದು ಸಲ ಬೀಸಿದರು. ದಾರ ನಿಂತಿತು. ಕೋಲು ಬಿಲ್ಲಿನ ಹಾಗೆ ಬಾಗಿತು. ನನ್ನ ಬಾಯಿಂದ "ಬಂತು ಬಂತು" ಬಂದೇಬಿಟ್ಟಿತು.

ಮೀನು ಹೊಳೆಯ ಉದ್ದಕ್ಕೂ ಓಡಿತು. ನಾನು ಹಿಮ್ಮಡಿಯನ್ನು ಕಲ್ಲಿಗೆ ಕೊಟ್ಟು ಜೀನಮ್ಮನನ್ನು ಎಳೆದು ಹಿಡಿದೆ. ದಡದಲ್ಲಿ ಚೈತ್ರ ಎರಡು ಭಾಷೆಯಲ್ಲಿ ಕಿರುಚುತ್ತಿದ್ದಳು. ಕೊನೆಗೆ ಕೈಬಲೆಗೆ ಬಂತು. ಬೆಳ್ಳಿಯ ಮೈ, ಪಕ್ಕೆಗೆ ಕುಂಕುಮ ತೀಡಿದ ಹಾಗೆ ಕೆಂಪು ಗೆರೆ. ಇಷ್ಟು ಚೆಂದದ ಮೀನನ್ನು ನಾನು ಕಂಡಿರಲಿಲ್ಲ. ಜೀನಮ್ಮನ ಮೂಗು ಕಣ್ಣು ಎರಡೂ ಸೋರುತ್ತಿದ್ದವು.

"ಹೊಡೆಯೋಕೆ ಮೊದ್ಲು ಅಜ್ಜಿ ಕೈಲಿ ಕೊಡಿ, ಒಂದು ಫೋಟೋ" ಎಂದಳು ಚೈತ್ರ. ಮೀನಿನ ತಲೆಗೆ ಹೊಡೆಯುವ ಸಣ್ಣ ಮರದ ಗದೆಯನ್ನು ಜೀನಮ್ಮ ಆಗಲೇ ತೆಗೆದಿದ್ದರು. ನಾನು ಮೀನು ಎತ್ತಿ ನಿಂತೆ. ನೀವೆಲ್ಲಾ ನೋಡಿದ ಫೋಟೋ ಅದೇ.

ಮೀನನ್ನು ಮತ್ತೆ ಬಲೆಗೆ ಹಾಕಿ ನೀರಿನಲ್ಲಿಟ್ಟ ಮೇಲೆ ಚೈತ್ರ ನಗುತ್ತಾ, "ಅಜ್ಜಿ, ನಿನ್ನ ಬೆರಳೆಲ್ಲಾ ಮುದ್ದೆ" ಎಂದಳು.

"ಗಂಗೆಗೆ ಹಾಕ್ದೆ. ಅದಕ್ಕೇ ಬಂತು ನೋಡು."

ಚೈತ್ರನ ನಗು ಅಲ್ಲಿಗೇ ನಿಂತಿತು. ಜೀನಮ್ಮ ಏನೆಂದು ಕೇಳಿದರು. ಅವಳು ಹೇಳಲೋ ಬೇಡವೋ ಎಂದು ನನ್ನ ಮುಖ ನೋಡಿದಳು, ಆಮೇಲೆ ಹೇಳಿದಳು. ಜೀನಮ್ಮ ನನ್ನ ಕೈ ಹಿಡಿದು ಬೆರಳು ನೋಡಿದರು. ಎಲ್ಲಿ ಎಂದು ಕೇಳಿದರು. ನಾನು ಮೇಲಿನ ಕಲ್ಲು ತೋರಿಸಿದೆ. ಗಾಳ ಹಾಕುವ ಮೊದಲೋ ಆಮೇಲೋ ಎಂದರು. ಮೊದಲು ಎಂದೆ.

ಆ ಹೆಂಗಸು ಗದೆಯನ್ನು ಜೇಬಿಗೆ ಹಾಕಿಕೊಂಡು, ಬಗ್ಗಿ, ಬಲೆ ಮಗುಚಿದರು. ಮೀನು ಒಂದು ಗಳಿಗೆ ಅವರ ಕಾಲ ಹತ್ತಿರವೇ ನಿಂತಿತ್ತು. ಆಮೇಲೆ ಇರಲಿಲ್ಲ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಯಾರು ನೋಡಿದ್ರು? ಮೀನು ಬಂದಿದ್ದು ಗರಿಗೆ, ಮುದ್ದೆಗಲ್ಲ. ಆ ಗರೀನೂ ನಮ್ ಕೋಳೀದೇ. ಅಲ್ಲಿ ಕಾವೇರೀಲಿ ಇದೇ ಮುದ್ದೆ ಕೊಕ್ಕೆಗೆ ಮೆತ್ತಿ ಹಿಡೀಲಿಲ್ವಾ ನಿನ್ನ ಗಂಡ? ಹೇಳೇ ಅವಳಿಗೆ."

ಚೈತ್ರ ಹೇಳಿದಳು. ಜೀನಮ್ಮನ ಉತ್ತರ ಸಣ್ಣದು.

"ಅಲ್ಲಿ ಅದು ಸರಿ, ಇಲ್ಲಿ ಇದು ಸರಿ ಅಂತಾರೆ. ಮೀನು ತಟ್ಟೇಲಿಟ್ರೆ ಟಾಮ್ ಮೊದ್ಲು ಕೇಳೋದೇ ಹೆಂಗೆ ಹಿಡಿದೆ ಅಂತ. ಅವರಿಗೆ ಏನು ಹೇಳ್ಲಿ ಅಂತಾರೆ."

ಮತ್ತೆ ಸಂಜೆಯವರೆಗೂ ನಿಂತೆವು. ಒಂದೂ ಮುಟ್ಟಲಿಲ್ಲ. ಕಾರಿನಲ್ಲಿ ನಾನು ಈ ಕಡೆ ಕಿಟಕಿ ನೋಡಿದೆ, ಅವರು ರಸ್ತೆ ನೋಡಿದರು. ಭಾಷೆ ಬರದವರು ಜಗಳವಾಡಿದರೆ ಬೇಗ ಮುಗಿಯುವುದಿಲ್ಲ, ಬೈದು ಹಗುರಾಗಲು ದಾರಿಯಿಲ್ಲ.

ನೇರ ಸಾಹೇಬರ ಕೋಣೆಗೆ ಹೋದೆವು. ಜೀನಮ್ಮ ಕೋಟು ಬಿಚ್ಚದೆ ಎಲ್ಲವನ್ನೂ ಹೇಳಿದರು. ನನ್ನ ಹೆಸರು ಬಂದಾಗ ಸಾಹೇಬರು ನನ್ನ ಕಡೆ ನೋಡಿದರು. ಬೈಯಲಿ ಎಂದು ಕಾದೆ. ಅವರು ಕೇಳಿದ್ದು ಬೇರೆ. ಯಾವ ಫ್ಲೈ? ಯಾವ ಕಲ್ಲು? ಮೀನು ಮೊದಲು ಯಾವ ಕಡೆ ಓಡಿತು? ಜೀನಮ್ಮ ಹೇಳಿದರು. ಇನ್ನೊಂದು ಸಲ ಹೇಳು ಎಂದರು. ಹೇಳಿದರು. ಅಷ್ಟರಲ್ಲಿ ತಟ್ಟೆಯಲ್ಲಿದ್ದ ಆಲೂಗೆಡ್ಡೆಯನ್ನು ಚೈತ್ರ ಎರಡು ಚಮಚ ತಿನ್ನಿಸಿಬಿಟ್ಟಳು. ಆಮೇಲೆ ಸಾಹೇಬರು ಏನೋ ಅಂದರು.

"ಸರಿಯಾಗೇ ಮಾಡ್ದೆ ಅಂತಿದಾರೆ."

"ಯಾರಿಗೆ? ಜೀನಮ್ಮಂಗಾ, ನಂಗಾ?"

ಚೈತ್ರ ಕೇಳಿದಳು. "ಇಬ್ರಿಗೂ ಅಂತೆ."

ಅದು ಮರ್ಯಾದೆಗೆ ಹೇಳಿದ ಮಾತು. ಮೀನು ತಿನ್ನುವ ಆಸೆ ಆ ಕಣ್ಣಿನಲ್ಲಿ ಹಾಗೆಯೇ ಇತ್ತು. ನನಗೆ ಕಾಣುತ್ತದೆ.

ಶುಕ್ರವಾರ

ಬೆಟ್ಟದಲ್ಲಿ ಮಳೆಯಾಗಿತ್ತು. ಬೆಳಗಾಗುವಾಗ ಹೊಳೆ ನಮ್ಮ ಕಾವೇರಿಯ ಬಣ್ಣಕ್ಕೆ ತಿರುಗಿ, ಮರದ ಕೊಂಬೆಗಳನ್ನು ಹೊತ್ತು ಸದ್ದು ಮಾಡುತ್ತಿತ್ತು. ದಡದಲ್ಲಿ ಒಬ್ಬನೂ ಇಲ್ಲ. ಜೀನಮ್ಮ ಕೋಲು ಹಿಡಿದು ಸ್ವಲ್ಪ ಹೊತ್ತು ನಿಂತಿದ್ದು ಕಾರಿಗೆ ಬಂದು ಕುಳಿತರು. ನನ್ನ ಕಾಲ ಮೇಲೆ ಹೊದಿಕೆ ಎಳೆದರು. ಜಗಳ ಮುಗಿದದ್ದು ಹಾಗೆ.

ಮಧ್ಯಾಹ್ನ ಸಾಹೇಬರ ಗಂಟಲು ನೋಡಿದರು. ಗಟ್ಟಿ ಊಟ ನಿಂತಿತು. ನಾನು ತಂದ ಕಾಚಂಪುಳಿಯ ಮುಚ್ಚಳ ತೆಗೆಯಲೇ ಇಲ್ಲ. ಅದು ಜೀನಮ್ಮನ ಫ್ರಿಜ್ಜಿನ ಬಾಗಿಲಲ್ಲಿದೆ. ಸಂಜೆ ಸಾಹೇಬರಿಗೆ ರುಬ್ಬಿದ ಯಾವುದೋ ಹಸಿರು ಪದಾರ್ಥ ಕೊಟ್ಟರು. ಒಂದು ಚಮಚ ಬಾಯಿಗಿಟ್ಟುಕೊಂಡು ತುಟಿ ಬಿಗಿದರು. ಜೀನಮ್ಮ ಹೇಳಿದರು, ಚೈತ್ರ ಹೇಳಿದಳು. ತುಟಿ ಬಿಚ್ಚಲಿಲ್ಲ.

ಮರುದಿನ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಎದ್ದು ರಾಗಿ ಹಿಟ್ಟು ಕದಡಿ ಅಂಬಲಿ ಕಾಯಿಸಿದೆ. ಗಂಟಿರಬಾರದೆಂದು ಜೀನಮ್ಮನ ಬಿಳಿ ಬಟ್ಟೆಯಲ್ಲಿ ಸೋಸಿದೆ, ಉಪ್ಪು ಹಾಕಿದೆ, ಮೊಸರು ಕಡೆದು ಬಿಟ್ಟೆ. ಅಲ್ಲಿನ ದೊಡ್ಡ ನರ್ಸು ಚಮಚದಲ್ಲಿ ಎತ್ತಿ ಸುರಿದು, ಎಷ್ಟು ಮಂದ ಇದೆ ಎಂದು ನೋಡಿ, ಇನ್ನೊಂದಿಷ್ಟು ಗಟ್ಟಿ ಮಾಡಿಸಿ, ಸರಿ ಎಂದಳು. ಸಾಹೇಬರನ್ನು ದಿಂಬಿಗೆ ಒರಗಿಸಿ ನೆಟ್ಟಗೆ ಕೂರಿಸಿದೆವು. ನಾನು ಚಮಚ ಮುಂದೆ ಹಿಡಿದೆ. ಅವರು ಮೂಸಿದರು. ಎಷ್ಟೋ ವರ್ಷ ತೆಪ್ಪದಲ್ಲಿ ಕೈಗೆ ಮೆತ್ತಿಕೊಂಡ ವಾಸನೆ, ಗೊತ್ತಾಗದೆ ಇರುತ್ತದೆಯೇ. ಕಣ್ಣು ಚಮಚದ ಕಡೆಗೆ, ಆಮೇಲೆ ನನ್ನ ಕಡೆಗೆ ಬಂತು. ಈಗ ನಾನು ಕೊಕ್ಕೆ ಕಟ್ಟಿ ಕೂತವಳು, ಅವರು ನೀರಿನೊಳಗಿನ ಮೀನು.

"ಬಂತು ಬಂತು" ಎಂದು ಬಾಯಿ ತೆರೆದರು.

ಅರ್ಧ ಲೋಟ ಹೋಯಿತು. ಉಳಿದದ್ದನ್ನು ಜೀನಮ್ಮ ಕುಡಿದರು. ನಾನು ಲೋಟ ತೊಳೆದು ಕಿಟಕಿಯ ಮೇಲೆ, ಆ ತಗಡಿನ ಡಬ್ಬಿಯ ಪಕ್ಕ ಕವುಚಿ ಹಾಕಿದೆ.